ಸಂತಾನ ಚಿಕಿತ್ಸೆಯಲ್ಲಿ ಅಂಡಾಶಯದ ಗಡ್ಡೆಗಳು ಮತ್ತು ತೊಡಕುಗಳು

ಮಕ್ಕಳಾಗಲೆಂದು ಚಿಕಿತ್ಸೆ ಪಡೆಯುವ ಮಹಿಳೆಯ ದೇಹದಲ್ಲಿ ಆ ಚಿಕಿತ್ಸೆಯ ಭಾರವನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೊರುವ ಅಂಗವೆಂದರೆ ಅಂಡಾಶಯ. ಗುಳಿಗೆಯಾಗಲಿ ಚುಚ್ಚುಮದ್ದಾಗಲಿ, ಕೊಡುವ ಔಷಧಗಳಲ್ಲಿ ಬಹುಪಾಲಿನ ಗುರಿ ಅದೇ ಆಗಿರುವುದರಿಂದ, ಚಿಕಿತ್ಸೆಗೆ ಅಣಿಯಾಗುವ ದಂಪತಿಗಳ ಮನಸ್ಸಿನಲ್ಲೂ ಅವರ ಮನೆಯ ಹಿರಿಯರ ಮನಸ್ಸಿನಲ್ಲೂ ಒಂದು ಪ್ರಶ್ನೆ ಏಳುತ್ತದೆ: ಇಷ್ಟೊಂದು ಹಾರ್ಮೋನು ಚುಚ್ಚಿಸಿಕೊಂಡರೆ ಮುಂದೆ ಗಡ್ಡೆಯಾಗುವುದಿಲ್ಲವೇ, ಕ್ಯಾನ್ಸರ್ ಬರುವುದಿಲ್ಲವೇ? ಈ ಪ್ರಶ್ನೆ ಅಜ್ಞಾನದಿಂದ ಹುಟ್ಟಿದ್ದಲ್ಲ. ವೈದ್ಯವಿಜ್ಞಾನವೂ ಇದನ್ನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಕೇಳಿಕೊಳ್ಳುತ್ತ ಬಂದಿದೆ, ಮತ್ತು ಅದಕ್ಕೆ ಸಿಕ್ಕಿರುವ ಉತ್ತರ ಬಹುಮಟ್ಟಿಗೆ ಸಮಾಧಾನಕರವಾಗಿದೆ. ಆದರೆ ಮುಂದೆಂದೋ ಬರಬಹುದಾದ ಕ್ಯಾನ್ಸರಿನ ಭಯದಲ್ಲಿ, ಚಿಕಿತ್ಸೆಯ ದಿನಗಳಲ್ಲೇ ತಲೆದೋರಬಲ್ಲ, ಸಕಾಲದಲ್ಲಿ ಗುರುತಿಸಿದರೆ ನಿವಾರಿಸಬಲ್ಲ ತೊಡಕುಗಳು ಮರೆಗೆ ಸರಿಯುತ್ತಿವೆ. ಯಾವುದಕ್ಕೆ ಎಷ್ಟು ಅಂಜಬೇಕು, ಯಾವುದನ್ನು ಯಾವಾಗ ಗಮನಿಸಬೇಕು ಎಂಬುದನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ಅಂಡಾಶಯಗಳು ಗರ್ಭಕೋಶದ ಎಡಬಲಗಳಲ್ಲಿ ಒಂದೊಂದರಂತೆ ಇರುವ, ಬಾದಾಮಿಯ ಆಕಾರದ, 3ರಿಂದ 5 ಸೆಂಟಿಮೀಟರ್ ಉದ್ದದ ಪುಟ್ಟ ಅಂಗಗಳು. ಹೆಣ್ಣುಮಗು ಹುಟ್ಟುವಾಗ ಇವುಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿದ್ದು, ಮೈನೆರೆಯುವ ಹೊತ್ತಿಗೆ 3ರಿಂದ 4 ಲಕ್ಷ ಮಾತ್ರ ಉಳಿದಿರುತ್ತವೆ. ಅವುಗಳಲ್ಲಿಯೂ ಇಡೀ ಜೀವಮಾನದಲ್ಲಿ ಮಾಗಿ ಹೊರಬೀಳುವುದು ಸುಮಾರು 400 ಮಾತ್ರ. ಪ್ರತಿಯೊಂದು ಅಂಡಾಣುವೂ ಕೋಶಕ ಅಥವಾ ಫಾಲಿಕಲ್ ಎಂಬ ಪುಟ್ಟ ಚೀಲದೊಳಗಿರುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಸ್ರವಿಸುವ ಎಫ್.ಎಸ್.ಎಚ್. ಎಂಬ ಹಾರ್ಮೋನಿನ ಪ್ರಚೋದನೆಯಿಂದ ಪ್ರತಿ ತಿಂಗಳೂ ಹಲವು ಕೋಶಕಗಳು ಬೆಳೆಯತೊಡಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಒಂದೇ ಒಂದು ಮುಂದೆ ಸಾಗಿ, ನೀರು ತುಂಬಿಕೊಂಡು ಸುಮಾರು 20 ಮಿಲಿಮೀಟರ್ ಗಾತ್ರಕ್ಕೆ ಊದಿ, ಎಲ್.ಎಚ್. ಎಂಬ ಇನ್ನೊಂದು ಹಾರ್ಮೋನು ಒಮ್ಮೆಲೇ ಏರಿದಾಗ ಒಡೆದು ಅಂಡಾಣುವನ್ನು ಹೊರಬಿಡುತ್ತದೆ. ಒಡೆದ ಕೋಶಕವು ಹಳದಿ ಬಣ್ಣದ ಗಂಟಾಗಿ ಎರಡು ವಾರ ಉಳಿದು, ಗರ್ಭ ನಿಲ್ಲದಿದ್ದರೆ ಕರಗಿಹೋಗುತ್ತದೆ. ನೀರುಗುಳ್ಳೆ ಏಳುವುದು, ಒಡೆಯುವುದು, ಕರಗುವುದು ಅಂಡಾಶಯದ ತಿಂಗಳ ಕೆಲಸವೇ ಆಗಿರುವುದರಿಂದ, ಸ್ಕ್ಯಾನಿಂಗ್ ವರದಿಯಲ್ಲಿ 'ಸಿಸ್ಟ್' ಎಂಬ ಮಾತು ಕಂಡ ಮಾತ್ರಕ್ಕೆ ಅದನ್ನು ರೋಗವೆಂದು ತಿಳಿಯಬೇಕಾಗಿಲ್ಲ.

ಅಂಡಾಶಯವನ್ನು ಔಷಧದಿಂದ ಪ್ರಚೋದಿಸುವ ವಿದ್ಯೆ ಅರವತ್ತು ವರ್ಷಗಳಿಗೂ ಹಳೆಯದು. ಸ್ವೀಡನ್ನಿನ ಕಾರ್ಲ್ ಗೆಮ್‌ಜೆಲ್ ಅವರು ಮೃತರ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಹಾರ್ಮೋನನ್ನು 1958ರ ಸುಮಾರಿಗೆ ಬಳಸಿದರೆ, ಇಸ್ರೇಲಿನ ಬ್ರೂನೋ ಲೂನೆನ್‌ಫೆಲ್ಡ್ ಅವರು ಮುಟ್ಟು ನಿಂತ ಮಹಿಳೆಯರ ಮೂತ್ರದಿಂದ ಪಡೆದ ಹಾರ್ಮೋನಿನಿಂದ 1960ರ ದಶಕದ ಆರಂಭದಲ್ಲಿ ಯಶಸ್ಸು ಕಂಡರು. ಅದೇ ಕಾಲಕ್ಕೆ ಕ್ಲೋಮಿಫೀನ್ ಎಂಬ ಅಗ್ಗದ ಗುಳಿಗೆಯೂ ಬಂದಿತು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿದ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಅವರ ತಾಯಿಗೆ ಅಂಡಾಶಯವನ್ನು ಪ್ರಚೋದಿಸುವ ಔಷಧ ಕೊಟ್ಟಿರಲಿಲ್ಲ, ಸಹಜವಾಗಿ ಮಾಗಿದ ಒಂದೇ ಅಂಡಾಣುವನ್ನು ತೆಗೆಯಲಾಗಿತ್ತು. ಆದರೆ ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಜನಿಸಿದ ಮಗುವಿಗಾಗಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರು ಹಾರ್ಮೋನಿನಿಂದ ಅಂಡಾಶಯವನ್ನು ಪ್ರಚೋದಿಸಿ, ಭ್ರೂಣವನ್ನು ಶೈತ್ಯದಲ್ಲಿ ಕಾಪಿಟ್ಟು, ಮುಂದಿನ ಋತುಚಕ್ರದಲ್ಲಿ ಗರ್ಭಕೋಶಕ್ಕೆ ಸೇರಿಸಿದ್ದರು. ಅವರ ಜೀವಿತಕಾಲದಲ್ಲಿ ಸಿಗದ ಮನ್ನಣೆಯು, 1986ರಲ್ಲಿ ಮುಂಬೈಯ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾದವರಲ್ಲಿ ಒಬ್ಬರಾಗಿ, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಡಾ. ಟಿ.ಸಿ. ಆನಂದ ಕುಮಾರ್ ಅವರು 1997ರಲ್ಲಿ ದಾಖಲೆಗಳನ್ನು ಪರಿಶೀಲಿಸಿ ಬರೆದ ಲೇಖನದಿಂದ ದೊರೆಯಿತು. ಪ್ರಚೋದಿಸುವುದು ಮತ್ತು ಭ್ರೂಣವನ್ನು ಶೈತ್ಯದಲ್ಲಿಟ್ಟು ತಡವಾಗಿ ಸೇರಿಸುವುದು ಎಂಬ ಮುಖೋಪಾಧ್ಯಾಯ ಅವರ ಎರಡು ಕ್ರಮಗಳಲ್ಲಿ ಮೊದಲನೆಯದು ಇಂದಿನ ತೊಡಕುಗಳ ಮೂಲವೂ ಎರಡನೆಯದು ಅವುಗಳ ಮುಖ್ಯ ಪರಿಹಾರಗಳಲ್ಲೊಂದೂ ಆಗಿರುವುದು ಗಮನಿಸತಕ್ಕ ಸಂಗತಿ.

ಇಂದಿನ ಚಿಕಿತ್ಸೆಯಲ್ಲಿ ಎರಡು ಮಟ್ಟಗಳಿವೆ. ಕ್ಲೋಮಿಫೀನ್ ಅಥವಾ ಲೆಟ್ರೊಜೋಲ್ ಗುಳಿಗೆಯನ್ನು ಋತುಚಕ್ರದ ಆರಂಭದಲ್ಲಿ ಐದು ದಿನ ಕೊಟ್ಟು ಒಂದೆರಡು ಅಂಡಾಣುಗಳನ್ನು ಮಾಗಿಸುವುದು ಮೊದಲನೆಯದು. ಎರಡನೆಯದು ಐ.ವಿ.ಎಫ್. ಎಂದೇ ಮನೆಮಾತಾಗಿರುವ ಪ್ರನಾಳ ಶಿಶು ವಿಧಾನ. ಇದರಲ್ಲಿ ಎಂಟರಿಂದ ಹನ್ನೆರಡು ದಿನ ನಿತ್ಯವೂ ಹೊಟ್ಟೆಯ ಚರ್ಮದಡಿಗೆ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು, ಸಹಜವಾಗಿ ಹಿಂದುಳಿದು ಬಾಡಬೇಕಾಗಿದ್ದ ಕೋಶಕಗಳನ್ನೂ ಒಟ್ಟಿಗೆ ಬೆಳೆಸಲಾಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಮಾಡುವ ಸ್ಕ್ಯಾನಿಂಗ್‌ನ ಪರದೆಯ ಮೇಲೆ ಈ ಕೋಶಕಗಳು ಬೂದು ಹಿನ್ನೆಲೆಯಲ್ಲಿ ಒತ್ತೊತ್ತಾಗಿ ಕೂತ ಕಪ್ಪು ದ್ರಾಕ್ಷಿಗಳಂತೆ ಕಾಣುತ್ತವೆ. ವೈದ್ಯರು ಒಂದೊಂದನ್ನೂ ಅಳೆದು ಬರೆದುಕೊಳ್ಳುತ್ತಾರೆ. ಮೂರ್ನಾಲ್ಕಾದರೂ 17-18 ಮಿಲಿಮೀಟರ್ ಮುಟ್ಟಿದ ಮೇಲೆ, ಅಂಡಾಣುಗಳನ್ನು ಕಡೆಯ ಹಂತಕ್ಕೆ ಮಾಗಿಸುವ 'ಟ್ರಿಗರ್' ಚುಚ್ಚುಮದ್ದನ್ನು ಕೊಟ್ಟು, 34ರಿಂದ 36 ಗಂಟೆಗಳ ಬಳಿಕ ಯೋನಿಯ ಮೂಲಕ ಸೂಜಿ ತೂರಿಸಿ ಅಂಡಾಣುಗಳನ್ನು ಹೀರಿ ತೆಗೆಯುತ್ತಾರೆ. ಈ ಟ್ರಿಗರ್ ಚುಚ್ಚುಮದ್ದಿನ ಸುತ್ತಲೇ ಚಿಕಿತ್ಸೆಯ ಬಹುಮುಖ್ಯ ಅಪಾಯವು ಅಡಗಿದೆ.

ಆ ಅಪಾಯದ ಹೆಸರು ಅಂಡಾಶಯದ ಅತಿಪ್ರಚೋದನೆ. ಆಸ್ಪತ್ರೆಗಳಲ್ಲಿ ಇದನ್ನು ಓ.ಎಚ್.ಎಸ್.ಎಸ್. ಎನ್ನುತ್ತಾರೆ. ಟ್ರಿಗರ್‌ಗಾಗಿ ಬಹುಕಾಲದಿಂದ ಬಳಸುತ್ತ ಬಂದಿರುವುದು ಎಚ್.ಸಿ.ಜಿ. ಎಂಬ ಗರ್ಭಿಣಿಯರ ಹಾರ್ಮೋನು. ದೇಹದ ಸ್ವಂತ ಎಲ್.ಎಚ್. ಬೇಗ ಇಳಿದುಹೋಗುತ್ತದೆ, ಆದರೆ ಈ ಎಚ್.ಸಿ.ಜಿ. ರಕ್ತದಲ್ಲಿ ಹಲವು ದಿನ ಉಳಿದು, ಊದಿಕೊಂಡ ಹತ್ತಾರು ಕೋಶಕಗಳಿಂದ ವಿ.ಇ.ಜಿ.ಎಫ್. ಎಂಬ ಪ್ರೋಟೀನು ಸುರಿಯುವಂತೆ ಮಾಡುತ್ತದೆ. ಅದರಿಂದ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲಗೊಂಡು, ರಕ್ತದ ನೀರಿನಂಶವು ನಾಳಗಳಿಂದ ಸೋರಿ ಹೊಟ್ಟೆಯಲ್ಲಿ, ಕೆಲವೊಮ್ಮೆ ಶ್ವಾಸಕೋಶದ ಸುತ್ತಲೂ ಶೇಖರವಾಗುತ್ತದೆ. ನೀರು ಹೊರಗೆ ಹೋದಂತೆ ನಾಳದೊಳಗಿನ ರಕ್ತವು ಮಂದವಾಗುತ್ತದೆ. ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ಸಿಗದೆ ಮೂತ್ರ ಕಡಿಮೆಯಾಗುತ್ತದೆ. ಮಂದವಾದ ರಕ್ತವು ಕಾಲಿನ, ಕೆಲವೊಮ್ಮೆ ಕುತ್ತಿಗೆಯ ಅಥವಾ ತೋಳಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಸಂಭವವೂ ಇರುತ್ತದೆ. ಹೊಟ್ಟೆ ಬಿಗಿದು ಜಲೋದರವಾಗಿರುವ ಮಹಿಳೆಯ ದೇಹವು ಅದೇ ಗಳಿಗೆಯಲ್ಲಿ ನೀರಿಲ್ಲದೆ ಬಳಲುತ್ತಿರುತ್ತದೆಂಬುದೇ ಈ ಸ್ಥಿತಿಯ ತಿರುಳು. ಆದ್ದರಿಂದಲೇ ನೀರಿಳಿಸುವ ಗುಳಿಗೆಯನ್ನು ತಾವಾಗಿ ನುಂಗುವುದು ಅಪಾಯಕಾರಿ.

ಹಳೆಯ ಕ್ರಮದ ಐ.ವಿ.ಎಫ್. ಚಿಕಿತ್ಸೆಯಲ್ಲಿ ಇದರ ಸೌಮ್ಯ ರೂಪವು ಮೂವರಲ್ಲಿ ಒಬ್ಬರವರೆಗೂ, ಮಧ್ಯಮ ಮತ್ತು ತೀವ್ರ ರೂಪಗಳು ಶೇ. 3ರಿಂದ 8ರಷ್ಟು ಚಕ್ರಗಳಲ್ಲಿಯೂ ಕಂಡುಬರುತ್ತಿದ್ದವು. ತೀವ್ರ ರೂಪದಲ್ಲಿ ಬಾದಾಮಿಯಷ್ಟಿದ್ದ ಅಂಡಾಶಯವು 12 ಸೆಂಟಿಮೀಟರಿಗಿಂತ ದೊಡ್ಡದಾಗಿ ಊದಿರುತ್ತದೆ. ಟ್ರಿಗರ್ ಕೊಟ್ಟ ಒಂದು ವಾರದೊಳಗೆ ಕಾಣಿಸಿಕೊಳ್ಳುವುದು ಒಂದು ಬಗೆ. ಹತ್ತು ದಿನ ಕಳೆದ ಮೇಲೆ, ಗರ್ಭ ನಿಂತು ದೇಹವೇ ಎಚ್.ಸಿ.ಜಿ. ತಯಾರಿಸತೊಡಗಿದಾಗ ಬರುವುದು ಇನ್ನೊಂದು ಬಗೆ, ಮತ್ತು ಇದು ಹೆಚ್ಚು ತೀವ್ರವಾಗಿ, ಹೆಚ್ಚು ದಿನ ಕಾಡುವಂಥದ್ದು. ಎಳೆಯ ವಯಸ್ಸಿನವರು, ತೆಳು ಮೈಕಟ್ಟಿನವರು, ಅಂಡಾಣುಗಳ ಸಂಗ್ರಹವನ್ನು ಸೂಚಿಸುವ ಎ.ಎಂ.ಎಚ್. ಮಟ್ಟ ಹೆಚ್ಚಿರುವವರು, ಹಿಂದೆ ಇದೇ ತೊಂದರೆ ಅನುಭವಿಸಿದವರು ಮತ್ತು ಪಿ.ಸಿ.ಓ.ಎಸ್. ಇರುವವರು ಇದಕ್ಕೆ ಸುಲಭವಾಗಿ ಗುರಿಯಾಗುತ್ತಾರೆ. ಪಿ.ಸಿ.ಓ.ಎಸ್., ಎಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಎಂಬ ಹೆಸರಿನಲ್ಲಿ ಸಿಸ್ಟ್ ಎಂಬ ಪದವಿದ್ದರೂ ಅಲ್ಲಿ ಗಡ್ಡೆಯಿಲ್ಲ, ಬೆಳೆಯದೆ ನಿಂತ ಸಣ್ಣ ಕೋಶಕಗಳ ದಂಡು ಇರುತ್ತದೆ. ಪ್ರಚೋದನೆ ಸಿಕ್ಕೊಡನೆ ಅವೆಲ್ಲ ಒಮ್ಮೆಗೇ ಎದ್ದುನಿಲ್ಲುವುದರಿಂದ ಅಪಾಯ ಹೆಚ್ಚುತ್ತದೆ.

ಈ ತೊಡಕನ್ನು ಮನೆಯಲ್ಲಿಯೇ ಗುರುತಿಸಲು ದುಬಾರಿ ಉಪಕರಣವೇನೂ ಬೇಡ. ಒಂದು ತೂಕದ ಯಂತ್ರ ಮತ್ತು ಒಂದು ಅಳತೆಯ ಟೇಪು ಸಾಕು. ಅಂಡಾಣು ತೆಗೆದ ಮರುದಿನದಿಂದ ಬೆಳಿಗ್ಗೆ ಎದ್ದು, ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ತೂಕವನ್ನೂ ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆಯನ್ನೂ ಬರೆದಿಟ್ಟುಕೊಳ್ಳಬೇಕು. ದಿನವೊಂದಕ್ಕೆ ಒಂದು ಕಿಲೋಗ್ರಾಂನಷ್ಟು ತೂಕ ಏರುತ್ತಿದ್ದರೆ, ಸೀರೆಯ ಒಳಲಂಗದ ಲಾಡಿ ಅಥವಾ ಚೂಡಿದಾರದ ನಾಡ ದಿನದಿನಕ್ಕೂ ಬಿಗಿಯಾಗುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಕಡುವಾದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ, ಕಾಲು ಅಥವಾ ಕುತ್ತಿಗೆ ಒಂದೇ ಕಡೆ ಊದಿ ನೋಯುತ್ತಿದ್ದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಲೇಬೇಕು. ನೋವಿಗೆ ಪ್ಯಾರಸಿಟಮಾಲ್ ನಡೆಯುತ್ತದೆ. ಐಬುಪ್ರೊಫೆನ್, ಡೈಕ್ಲೋಫಿನಾಕ್‌ನಂತಹ ಗುಳಿಗೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಹುದಾದ್ದರಿಂದ ಬೇಡ. ಆಸ್ಪತ್ರೆಯಲ್ಲಿ ಡ್ರಿಪ್ ಮತ್ತು ಆಲ್ಬುಮಿನ್ ಕೊಡುವುದು, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುವುದು, ಹೊಟ್ಟೆಯ ನೀರನ್ನು ಸೂಜಿಯಿಂದ ತೆಗೆಯುವುದು ಇವೇ ಚಿಕಿತ್ಸೆ. ಬಹುಪಾಲು ಮಹಿಳೆಯರು ಇದರಿಂದ ಪೂರ್ಣ ಗುಣಮುಖರಾಗುತ್ತಾರೆ.

ಇದಕ್ಕಿಂತಲೂ ಸಂತೋಷದ ಸಂಗತಿಯೆಂದರೆ, ಈ ತೊಡಕನ್ನು ಇಂದು ಬಹುಮಟ್ಟಿಗೆ ಬಾರದಂತೆಯೇ ತಡೆಯಬಹುದು. ಔಷಧದ ಪ್ರಮಾಣವನ್ನು ಎ.ಎಂ.ಎಚ್. ನೋಡಿ ನಿರ್ಧರಿಸುವುದು, ಅಂಡಾಣುಗಳು ಅಕಾಲದಲ್ಲಿ ಹೊರಬೀಳದಂತೆ ತಡೆಯಲು 'ಆಂಟಗೊನಿಸ್ಟ್' ಎಂಬ ವರ್ಗದ ಔಷಧವನ್ನು ಬಳಸುವುದು, ಎಚ್.ಸಿ.ಜಿ.ಯ ಬದಲಿಗೆ ದೇಹದ ಸ್ವಂತ ಎಲ್.ಎಚ್. ಅನ್ನೇ ಅಲ್ಪಕಾಲ ಚಿಮ್ಮಿಸುವ ಟ್ರಿಗರ್ ಕೊಡುವುದು, ಎಲ್ಲ ಭ್ರೂಣಗಳನ್ನೂ ಶೈತ್ಯದಲ್ಲಿಟ್ಟು ಅಂಡಾಶಯ ತಣಿದ ಬಳಿಕ ಮುಂದಿನ ತಿಂಗಳು ಸೇರಿಸುವುದು, ಅಗತ್ಯವಿದ್ದರೆ ಕ್ಯಾಬರ್ಗೊಲಿನ್ ಗುಳಿಗೆ ಕೊಡುವುದು ಇವು ಬಳಕೆಯಲ್ಲಿರುವ ಕ್ರಮಗಳು. ಭ್ರೂಣವನ್ನು ಈ ತಿಂಗಳೇ ಸೇರಿಸಲಿಲ್ಲವೆಂದು ದಂಪತಿಗಳು ನಿರಾಶರಾಗುವುದುಂಟು. ಆ ಒಂದು ತಿಂಗಳ ಕಾಯುವಿಕೆಯು ತಾಯಿಯಾಗುವವಳ ಜೀವರಕ್ಷಣೆಗಾಗಿ ಇರುತ್ತದೆ ಎಂಬುದನ್ನು ಮನೆಯವರೆಲ್ಲರೂ ಅರಿತಿರಬೇಕು.

ಎರಡನೆಯ ತೊಡಕು ಅಂಡಾಶಯ ತಿರುಚಿಕೊಳ್ಳುವುದು. ತೊಟ್ಟಿನಿಂದ ತೂಗುವ ಹಣ್ಣಿನಂತೆ ಅಂಡಾಶಯವು ತನ್ನ ರಕ್ತನಾಳಗಳಿರುವ ಬಂಧಕದಿಂದ ತೂಗುತ್ತಿರುತ್ತದೆ. ಅದು 5 ಸೆಂಟಿಮೀಟರಿಗಿಂತ ದೊಡ್ಡದಾಗಿ ಭಾರವಾದಾಗ ತನ್ನ ತೊಟ್ಟಿನ ಮೇಲೆಯೇ ತಿರುಗಿ, ರಕ್ತ ಸಂಚಾರವನ್ನು ಕಟ್ಟಿಹಾಕಿಕೊಳ್ಳುವ ಸಂಭವ ಹೆಚ್ಚು. ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಬರುವ ತೊಂದರೆ ಇದಾದರೂ, ತಡಮಾಡಿದರೆ ಒಂದು ಅಂಡಾಶಯವೇ ಕಳೆದುಹೋಗುತ್ತದೆ. ಒಂದೇ ಬದಿಯಲ್ಲಿ, ಥಟ್ಟನೆ ಎದ್ದು, ಅಲೆಯಲೆಯಾಗಿ ಬರುವ ತೀವ್ರ ನೋವು ಮತ್ತು ಅದರೊಡನೆ ವಾಂತಿ ಇದರ ಲಕ್ಷಣ. ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ರಕ್ತ ಹರಿಯುತ್ತಿರುವಂತೆ ಕಂಡರೂ ತಿರುಚು ಇಲ್ಲವೆಂದು ಹೇಳಲಾಗದು. ಆದ್ದರಿಂದ ಅನುಭವಿ ವೈದ್ಯರು ಲಕ್ಷಣವನ್ನೇ ನಂಬಿ ಲ್ಯಾಪರೊಸ್ಕೋಪಿ ಮಾಡಿ ತಿರುಚನ್ನು ಬಿಡಿಸುತ್ತಾರೆ. ಕಪ್ಪಗೆ ಕಂದಿದ ಅಂಡಾಶಯವೂ ತಿರುಚು ಬಿಟ್ಟ ಮೇಲೆ ಚೇತರಿಸಿಕೊಳ್ಳುವುದರಿಂದ, ಬಣ್ಣ ನೋಡಿ ಅದನ್ನು ಕತ್ತರಿಸಿ ತೆಗೆಯುವ ಹಳೆಯ ರೂಢಿಯನ್ನು ಇಂದು ಕೈಬಿಡಲಾಗುತ್ತಿದೆ. ಇವಲ್ಲದೆ ಅಂಡಾಣು ತೆಗೆಯುವಾಗ ಸೂಜಿಯಿಂದ ರಕ್ತಸ್ರಾವವಾಗುವುದು ಮತ್ತು ಸೋಂಕಿನಿಂದ ಕೀವು ಕಟ್ಟುವುದು ವಿರಳವಾಗಿ ಉಂಟು. ಗರ್ಭ ನಿಂತ ಮೇಲೂ ಎಚ್ಚರ ತಪ್ಪಬಾರದು. ಒಂದು ಭ್ರೂಣ ಗರ್ಭಕೋಶದಲ್ಲೂ ಇನ್ನೊಂದು ಅಂಡನಾಳದಲ್ಲೂ ಏಕಕಾಲಕ್ಕೆ ನಿಲ್ಲುವುದು ಸಹಜ ಗರ್ಭಧಾರಣೆಯಲ್ಲಿ ಸುಮಾರು 30,000ಕ್ಕೆ ಒಂದರಷ್ಟು ಅಪರೂಪವೆಂದು ಎಣಿಸಿದರೂ, ಈ ಚಿಕಿತ್ಸೆಯ ಬಳಿಕ ಅದು ಹಲವು ಪಟ್ಟು ಹೆಚ್ಚು. ಸ್ಕ್ಯಾನಿಂಗ್‌ನಲ್ಲಿ ಮಗು ಸರಿಯಾದ ಜಾಗದಲ್ಲಿ ಕಂಡಿತೆಂದು, ಹೊಟ್ಟೆನೋವಿನಿಂದ ಬಂದ ಮಹಿಳೆಯನ್ನು ಮನೆಗೆ ಕಳಿಸುವುದು ತಪ್ಪಾಗಬಹುದು.

ಇನ್ನು ಗಡ್ಡೆಗಳ ವಿಚಾರ. ಸಂತಾನ ಚಿಕಿತ್ಸೆಗೆಂದು ಬಂದವರಲ್ಲಿ ಕಾಣುವ ಅಂಡಾಶಯದ ಗಡ್ಡೆಗಳಲ್ಲಿ ಹೆಚ್ಚಿನವು ಔಷಧದಿಂದ ಹುಟ್ಟಿದವಲ್ಲ. ಮೊದಲೇ ಇದ್ದು, ಚಿಕಿತ್ಸೆಯ ನೆಪದಲ್ಲಿ ಸ್ಕ್ಯಾನಿಂಗ್‌ಗೆ ಸಿಕ್ಕಿದವು. ಒಡೆಯದೆ ಉಳಿದ ಕೋಶಕದ ನೀರುಗುಳ್ಳೆ ಇವುಗಳಲ್ಲಿ ಅತಿ ಸಾಮಾನ್ಯ. ಎರಡು ಮೂರು ಋತುಚಕ್ರಗಳಲ್ಲಿ ತಾನಾಗಿ ಕರಗುವ ಇದಕ್ಕೆ ಕಾಯುವುದೇ ಮದ್ದು. ಎರಡನೆಯದು ಎಂಡೋಮೆಟ್ರಿಯೋಸಿಸ್ ಎಂಬ ರೋಗದಲ್ಲಿ ಕಾಣುವ 'ಚಾಕೊಲೇಟ್ ಸಿಸ್ಟ್'. ಗರ್ಭಕೋಶದ ಒಳಪದರವನ್ನು ಹೋಲುವ ಊತಕವು ಅಂಡಾಶಯದಲ್ಲಿ ಬೇರೂರಿ, ಪ್ರತಿ ಮುಟ್ಟಿಗೂ ಅಲ್ಲಿಯೇ ರಕ್ತ ಸ್ರವಿಸಿ, ಆ ಹಳೆಯ ರಕ್ತವು ಕರಗಿಸಿದ ಚಾಕೊಲೇಟಿನಂತೆ ಕಂದುಬಣ್ಣಕ್ಕೆ ತಿರುಗಿ ಮಂದವಾಗುವುದರಿಂದ ಆ ಹೆಸರು ಬಂದಿದೆ. ಇದನ್ನು ಕಂಡೊಡನೆ ಶಸ್ತ್ರಕ್ರಿಯೆ ಮಾಡಿಸಿಬಿಡಬೇಕೆಂಬ ಆತುರ ಸಲ್ಲದು. ಗುಳ್ಳೆಯ ಗೋಡೆಯನ್ನು ಸುಲಿಯುವಾಗ ಅದಕ್ಕಂಟಿದ ಆರೋಗ್ಯವಂತ ಭಾಗವೂ ಕಿತ್ತುಬಂದು ಅಂಡಾಣುಗಳ ಸಂಗ್ರಹ ಕುಗ್ಗುತ್ತದೆ. ಆದ್ದರಿಂದ ಯೂರೋಪಿನ ತಜ್ಞರ ಸಂಘವು 2022ರಲ್ಲಿ ಹೊರತಂದ ಮಾರ್ಗಸೂಚಿಯು, ಐ.ವಿ.ಎಫ್.ಗೆ ಮೊದಲು ಇಂಥ ಗುಳ್ಳೆಗಳನ್ನು ವಾಡಿಕೆಯಾಗಿ ತೆಗೆಯುವುದನ್ನು ಶಿಫಾರಸು ಮಾಡುವುದಿಲ್ಲ. ಆದರೆ ಸೂಜಿ ಆ ಗುಳ್ಳೆಯನ್ನು ಚುಚ್ಚಿದರೆ ಒಳಗಿನ ಹಳೆಯ ರಕ್ತದಲ್ಲಿ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯುತ್ತವೆಯಾದ್ದರಿಂದ ಅಂಡಾಣು ತೆಗೆಯುವಾಗ ವಿಶೇಷ ಎಚ್ಚರ ಬೇಕು.

ಮೂರನೆಯದು ಡರ್ಮಾಯ್ಡ್ ಗಡ್ಡೆ. ಯಾವ ಬಗೆಯ ಊತಕವಾಗಿಯೂ ಬೆಳೆಯಬಲ್ಲ ಅಂಡಾಣುವಿನ ಮೂಲಕೋಶಗಳಿಂದ ಇದು ಹುಟ್ಟುವುದರಿಂದ ಇದರೊಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು ಕೂಡ ಇರುತ್ತವೆ. ನೋಡಿದವರಿಗೆ ಗಾಬರಿ ಹುಟ್ಟಿಸಿದರೂ ನೂರಕ್ಕೆ ತೊಂಬತ್ತೆಂಟರಷ್ಟು ನಿರಪಾಯಕಾರಿ. ನಾಲ್ಕನೆಯದು ಗಡಿಯಂಚಿನ ಗಡ್ಡೆ, ಎಂದರೆ ಸೂಕ್ಷ್ಮದರ್ಶಕದಡಿ ಕ್ಯಾನ್ಸರಿನ ಕೆಲವು ಚಹರೆಗಳನ್ನು ತೋರಿದರೂ ಸುತ್ತಲಿನ ಊತಕವನ್ನು ಕೊರೆದು ನುಗ್ಗದ ಗಡ್ಡೆ. ಅಂಡಾಶಯದ ಹೊರಪದರದ ಬಗೆಯ ಗಡ್ಡೆಗಳಲ್ಲಿ ಶೇ. 10ರಿಂದ 15ರಷ್ಟಿರುವ ಇವು ಮಕ್ಕಳಾಗುವ ವಯಸ್ಸಿನವರಲ್ಲೂ ಕಾಣುತ್ತವೆ. ಒಂದನೆಯ ಹಂತದಲ್ಲಿ ಪತ್ತೆಯಾದರೆ ಐದು ವರ್ಷಗಳ ಬಳಿಕವೂ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ಬದುಕಿರುತ್ತಾರೆ, ಮತ್ತು ರೋಗ ತಗುಲಿದ ಅಂಡಾಶಯವನ್ನಷ್ಟೇ ತೆಗೆದು ಗರ್ಭಕೋಶವನ್ನೂ ಇನ್ನೊಂದು ಅಂಡಾಶಯವನ್ನೂ ಉಳಿಸುವ ಶಸ್ತ್ರಕ್ರಿಯೆಯ ಬಳಿಕ ಅನೇಕರು ತಾಯಂದಿರಾಗಿದ್ದಾರೆ. ಗಡ್ಡೆಯೇ ಬಂಜೆತನಕ್ಕೆ ಕಾರಣವಾಗುವುದೂ ವಿರಳವಾಗಿ ಉಂಟು; ಗ್ರ್ಯಾನ್ಯುಲೋಸಾ ಕೋಶಗಳ ಗಡ್ಡೆಯು ಇನ್ಹಿಬಿನ್ ಎಂಬ ಹಾರ್ಮೋನನ್ನು ಸ್ರವಿಸಿ ಎಫ್.ಎಸ್.ಎಚ್. ಅನ್ನು ಅದುಮಿ ಮುಟ್ಟನ್ನೇ ನಿಲ್ಲಿಸಬಲ್ಲದು. ಹೀಗಾಗಿ ಮೊದಲ ಚುಚ್ಚುಮದ್ದಿಗೆ ಮುನ್ನ ಅಂಡಾಶಯಗಳನ್ನು ಸ್ಕ್ಯಾನಿಂಗ್‌ನಲ್ಲಿ ಚೆನ್ನಾಗಿ ನೋಡಿ, ಗಟ್ಟಿಯಾದ ಭಾಗ, ಒಳಗೋಡೆಯಿಂದ ಚಾಚಿದ ಕುಡಿಗಳು ಮತ್ತು ಅವುಗಳಲ್ಲಿ ರಕ್ತ ಸಂಚಾರ ಇವೆಯೇ ಎಂದು ಪರೀಕ್ಷಿಸುವುದು ಬಿಡಲಾಗದ ಹೆಜ್ಜೆ. ಸಂಶಯವಿದ್ದಲ್ಲಿ ಕ್ಯಾನ್ಸರ್ ತಜ್ಞರ ಅಭಿಪ್ರಾಯ ಬರುವವರೆಗೆ ಪ್ರಚೋದನೆಯನ್ನು ತಡೆಹಿಡಿಯಬೇಕು.

ಔಷಧದಿಂದ ಕ್ಯಾನ್ಸರ್ ಬರುವುದೇ ಎಂಬ ಪ್ರಶ್ನೆಗೆ ಒಂದು ಇತಿಹಾಸವಿದೆ. ಪ್ರತಿ ತಿಂಗಳೂ ಒಡೆದು ಮಾಯುವ ಅಂಡಾಶಯದ ಮೇಲ್ಮೈಯಲ್ಲಿ ಆ ಮಾಯುವಿಕೆಯ ನಡುವೆ ತಪ್ಪುಗಳಾಗಿ ಕ್ಯಾನ್ಸರ್ ಹುಟ್ಟಬಹುದೆಂದು ಈಜಿಪ್ಟಿನ ವೈದ್ಯ ಫತಲ್ಲಾ ಅವರು 1971ರಲ್ಲಿ ಸೂಚಿಸಿದ್ದರು. ಬಸಿರು, ಬಾಣಂತನದ ಹಾಲೂಡಿಕೆ ಮತ್ತು ಗರ್ಭನಿರೋಧಕ ಗುಳಿಗೆ ಈ ಒಡೆಯುವಿಕೆಗೆ ಬಿಡುವು ಕೊಡುತ್ತವೆ, ಅವು ಕ್ಯಾನ್ಸರಿನಿಂದ ರಕ್ಷಣೆಯನ್ನೂ ಕೊಡುತ್ತವೆ ಎಂಬುದು ಈ ವಾದಕ್ಕೆ ಬಲವಾಯಿತು. ಹಾಗಿದ್ದ ಮೇಲೆ ಹತ್ತಾರು ಕೋಶಕಗಳನ್ನು ಒಮ್ಮೆಗೇ ಬೆಳೆಸುವ ಔಷಧವು ಅಪಾಯವನ್ನು ಹೆಚ್ಚಿಸಬೇಕಲ್ಲವೇ ಎಂಬ ಸಂಶಯ ಸಹಜವಾಗಿಯೇ ಮೂಡಿತು. 1992ರಲ್ಲಿ ಅಮೆರಿಕದ 12 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯು ಇಂತಹ ಔಷಧ ಸೇವಿಸಿದವರಲ್ಲಿ ಅಪಾಯವು ಸುಮಾರು ಮೂರು ಪಟ್ಟು ಎಂದಿತು. 1994ರಲ್ಲಿ ಸಿಯಾಟಲ್ ನಗರದ 3,837 ಮಹಿಳೆಯರ ಅಧ್ಯಯನದಲ್ಲಿ, ನಾಲ್ಕೈದು ನಿರೀಕ್ಷಿತವಾಗಿದ್ದಲ್ಲಿ 11 ಗಡ್ಡೆಗಳು ಕಂಡುಬಂದವು, ಮತ್ತು ಹನ್ನೆರಡು ಅಥವಾ ಹೆಚ್ಚು ಋತುಚಕ್ರಗಳಲ್ಲಿ ಕ್ಲೋಮಿಫೀನ್ ಸೇವಿಸಿದವರಲ್ಲಿ ಅಪಾಯ ಎದ್ದುಕಾಣುವಂತಿತ್ತು. ಸಂಖ್ಯೆಗಳು ಸಣ್ಣವಾಗಿದ್ದರೂ ಭಯ ದೊಡ್ಡದಾಗಿ ಹರಡಿತು. ಕ್ಲೋಮಿಫೀನನ್ನು ವರ್ಷಗಟ್ಟಲೆ ಕೊಡದೆ ಕೆಲವೇ ಚಕ್ರಗಳಿಗೆ ಸೀಮಿತಗೊಳಿಸುವ ಒಳ್ಳೆಯ ಪದ್ಧತಿಯೂ ಬೇರೂರಿತು.

ಆದರೆ ದೊಡ್ಡ ಸಂಖ್ಯೆಯ ಮಹಿಳೆಯರನ್ನು ದೀರ್ಘಕಾಲ ಗಮನಿಸಿದ ಮೇಲೆ ಚಿತ್ರ ಬದಲಾಯಿತು. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ 54,362 ಮಹಿಳೆಯರ ಅಧ್ಯಯನದಲ್ಲಿ ಔಷಧಕ್ಕೂ ಅಂಡಾಶಯದ ಕ್ಯಾನ್ಸರಿಗೂ ನಂಬತಕ್ಕ ಸಂಬಂಧ ಕಾಣಲಿಲ್ಲ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವು 1991ರಿಂದ 2010ರವರೆಗೆ ಚಿಕಿತ್ಸೆ ಪಡೆದ 2,55,786 ಮಹಿಳೆಯರನ್ನು ಕ್ಯಾನ್ಸರ್ ನೋಂದಣಿಯೊಡನೆ ತಾಳೆ ನೋಡಿತು. ಸುಮಾರು 292 ಕ್ಯಾನ್ಸರ್ ನಿರೀಕ್ಷಿತವಾಗಿದ್ದಲ್ಲಿ 405 ಕಂಡುಬಂದವು, ಎಂದರೆ ಲಕ್ಷ ಮಹಿಳೆಯರಿಗೆ ವರ್ಷಕ್ಕೆ ಐದರಷ್ಟು ಹೆಚ್ಚಳ. ಈ ಹೆಚ್ಚಳವು ಎಂಡೋಮೆಟ್ರಿಯೋಸಿಸ್ ಇದ್ದವರಲ್ಲಿ ಮತ್ತು ಹೆರಿಗೆಯಾಗದೆ ಉಳಿದವರಲ್ಲಿ ಕಂಡುಬಂದಿತೇ ಹೊರತು, ಗಂಡನ ವೀರ್ಯದ ದೋಷದಿಂದ ಮಾತ್ರ ಚಿಕಿತ್ಸೆಗೆ ಬಂದವರಲ್ಲಿ ಕಾಣಲಿಲ್ಲ. ಅವರೂ ಅದೇ ಚುಚ್ಚುಮದ್ದುಗಳನ್ನು ಪಡೆದವರಲ್ಲವೇ? ಔಷಧವೇ ಕಾರಣವಾಗಿದ್ದರೆ ಅವರಿಗೂ ಅಪಾಯ ಹೆಚ್ಚಬೇಕಿತ್ತು. ಹೀಗಾಗಿ ಸಂಶಯದ ಬೆರಳು ಔಷಧದ ಕಡೆಯಿಂದ, ಚಿಕಿತ್ಸೆಗೆ ಕಾರಣವಾದ ರೋಗದ ಕಡೆಗೆ ಮತ್ತು ಮಕ್ಕಳಾಗದ ಸ್ಥಿತಿಯ ಕಡೆಗೆ ತಿರುಗಿತು.

ನೆದರ್ಲೆಂಡ್ಸಿನಲ್ಲಿ 1983ರಿಂದ 2000ದವರೆಗೆ ಪ್ರಚೋದನೆ ಪಡೆದ 30,625 ಮಹಿಳೆಯರನ್ನು, ಬಂಜೆತನವಿದ್ದೂ ಆ ಚಿಕಿತ್ಸೆ ಪಡೆಯದ 9,988 ಮಹಿಳೆಯರೊಡನೆ ಹೋಲಿಸಿ, ಸುಮಾರು 24 ವರ್ಷ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಇನ್ನಷ್ಟು ಸ್ಪಷ್ಟಗೊಳಿಸಿತು: ಕ್ಯಾನ್ಸರಿನ ವಿಷಯದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಗಡಿಯಂಚಿನ ಗಡ್ಡೆಗಳು ಮಾತ್ರ ಚಿಕಿತ್ಸೆ ಪಡೆದವರಲ್ಲಿ ಎರಡು ಪಟ್ಟಿಗೆ ಸಮೀಪವಾಗುವಷ್ಟು ಹೆಚ್ಚಿದ್ದವು. ಆದರೆ ಚಿಕಿತ್ಸೆಯ ಚಕ್ರಗಳು ಹೆಚ್ಚಿದಂತೆ ಅವು ಹೆಚ್ಚಿರಲಿಲ್ಲವಾದ್ದರಿಂದ, ಅವಕ್ಕೂ ಔಷಧವೇ ಕಾರಣವೆಂದು ಹೇಳಲಾಗದು. ಇದರ ನಡುವೆ ಅಂಡಾಶಯದ ಕ್ಯಾನ್ಸರುಗಳಲ್ಲಿ ಅತಿ ಮಾರಕವಾದ ಬಗೆಯು ಬಹುಪಾಲು ಅಂಡನಾಳದ ತುದಿಯಲ್ಲಿ ಮೊಳೆಯುತ್ತದೆಂಬ ತಿಳಿವಳಿಕೆಯೂ ಬಂದು, ಅಂಡಾಶಯದ ಮೇಲ್ಮೈ ಒಡೆಯುವಿಕೆಯೇ ಎಲ್ಲಕ್ಕೂ ಮೂಲವೆಂಬ ಹಳೆಯ ವಾದವನ್ನು ಸಡಿಲಗೊಳಿಸಿದೆ. ಒಟ್ಟಾರೆ ತೀರ್ಮಾನವೇನೆಂದರೆ, ಸಂತಾನ ಚಿಕಿತ್ಸೆಯ ಔಷಧಗಳು ಅಂಡಾಶಯದ ಕ್ಯಾನ್ಸರನ್ನು ಗಣನೀಯವಾಗಿ ಹೆಚ್ಚಿಸುತ್ತವೆ ಎಂಬುದಕ್ಕೆ ಇಂದು ಬಲವಾದ ಆಧಾರವಿಲ್ಲ. ಗಡಿಯಂಚಿನ ಗಡ್ಡೆಗಳ ಬಗ್ಗೆ ಗಮನ ಮುಂದುವರಿಯಬೇಕು.

ಚಿಕಿತ್ಸೆ ಮುಗಿದ ಮೇಲೆ ಜೀವನಪರ್ಯಂತ ವರ್ಷವರ್ಷವೂ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆ ಮಾಡಿಸಬೇಕೇ ಎಂದು ಕೇಳುವವರಿದ್ದಾರೆ. ಬ್ರಿಟನ್ನಿನಲ್ಲಿ ಮುಟ್ಟು ನಿಂತ 2 ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ ನಡೆಸಿ 2021ರಲ್ಲಿ ಅಂತಿಮ ಫಲಿತಾಂಶ ಪ್ರಕಟಿಸಿದ ಪ್ರಯೋಗದಲ್ಲಿ, ಲಕ್ಷಣಗಳಿಲ್ಲದವರನ್ನು ಹೀಗೆ ಪರೀಕ್ಷಿಸಿದ್ದರಿಂದ ಅಂಡಾಶಯದ ಕ್ಯಾನ್ಸರಿನ ಸಾವುಗಳು ತಗ್ಗಲಿಲ್ಲ. ಸಿ.ಎ. 125 ಎಂಬ ರಕ್ತಪರೀಕ್ಷೆಯ ಅಂಕಿಯು ಎಂಡೋಮೆಟ್ರಿಯೋಸಿಸ್, ಮುಟ್ಟು, ಬಸಿರು, ಅತಿಪ್ರಚೋದನೆ ಇವುಗಳಲ್ಲಿಯೂ ಏರುವುದರಿಂದ, ಚಿಕಿತ್ಸೆಯ ದಿನಗಳಲ್ಲಿ ಅದನ್ನು ಮಾಡಿಸಿ ನಿದ್ದೆಗೆಡುವುದು ಬೇಡ. ಆದರೆ ಮೂರು ವಾರ ಕಳೆದರೂ ಬಿಡದ ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇವನ್ನು ಗ್ಯಾಸ್ ಟ್ರಬಲ್ ಎಂದು ತಳ್ಳಿಹಾಕಬಾರದು. ತಾಯಿ, ಸೋದರಿ, ಅಜ್ಜಿ ಅಥವಾ ಚಿಕ್ಕಮ್ಮ ದೊಡ್ಡಮ್ಮಂದಿರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ, ತಂದೆಯ ಕಡೆಯ ಸೋದರತ್ತೆಯರಿಗೆ ಆಗಿದ್ದರೂ ಕೂಡ, ಅದನ್ನು ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಬಿ.ಆರ್.ಸಿ.ಎ. ಎಂಬ ಜೀನಿನ ದೋಷವು ತಂದೆಯಿಂದಲೂ ಮಗಳಿಗೆ ಬರುತ್ತದೆ, ಮತ್ತು ಅದು ತರುವ ಅಪಾಯವು ಯಾವ ಚುಚ್ಚುಮದ್ದಿಗಿಂತಲೂ ಬಹಳ ದೊಡ್ಡದು.

ಭಾರತದಲ್ಲಿ ಈ ಚಿಕಿತ್ಸೆಯನ್ನು ನಿಯಂತ್ರಿಸುವ ಕಾನೂನು 2021ರಲ್ಲಿ ಅಂಗೀಕಾರವಾಗಿ 2022ರ ಜನವರಿಯಲ್ಲಿ ಜಾರಿಗೆ ಬಂದಿದೆ. ಕೇಂದ್ರಗಳು ನೋಂದಣಿ ಮಾಡಿಸಲೇಬೇಕು, ಚಿಕಿತ್ಸೆಯ ಸಾಧಕಬಾಧಕಗಳನ್ನು ತಿಳಿಸಿ ಲಿಖಿತ ಸಮ್ಮತಿ ಪಡೆಯಬೇಕು, ದಾಖಲೆಗಳನ್ನು ಕನಿಷ್ಠ ಹತ್ತು ವರ್ಷ ಕಾಪಾಡಬೇಕು ಎಂದು ಅದು ವಿಧಿಸುತ್ತದೆ. ಅಂಡಾಣು ದಾನ ಮಾಡುವವರು 23ರಿಂದ 35 ವರ್ಷದೊಳಗಿನವರಾಗಿದ್ದು, ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯಕೂಡದು ಮತ್ತು ಅವರಿಗೆ ಹನ್ನೆರಡು ತಿಂಗಳ ವಿಮೆ ಇರಬೇಕು ಎಂಬ ನಿಯಮಗಳೂ ಇವೆ. ಎಳೆಯ ವಯಸ್ಸಿನ ದಾನಿಯೇ ಅತಿಪ್ರಚೋದನೆಗೆ ಸುಲಭವಾಗಿ ಗುರಿಯಾಗುವುದರಿಂದ, ತನ್ನ ಮಗುವಿಗಾಗಿಯಲ್ಲದೆ ಇನ್ನೊಬ್ಬರಿಗಾಗಿ, ಎಷ್ಟೋ ವೇಳೆ ಬಡತನದ ಒತ್ತಡಕ್ಕೆ ಸಿಕ್ಕಿ ಈ ಅಪಾಯಕ್ಕೆ ಮೈಯೊಡ್ಡುವ ಆ ಹೆಣ್ಣಿನ ಕ್ಷೇಮವು ಕಾನೂನಿನ ಪುಟದಲ್ಲಷ್ಟೇ ಉಳಿಯಬಾರದು. ಇನ್ನೊಂದು ಕೆಲಸವೂ ಬಾಕಿಯಿದೆ. ಮೇಲೆ ಹೇಳಿದ ಅಂಕಿಗಳೆಲ್ಲ ಹೊರದೇಶಗಳವು. ಅಲ್ಲಿ ಚಿಕಿತ್ಸೆಯ ದಾಖಲೆಯನ್ನು ಕ್ಯಾನ್ಸರ್ ನೋಂದಣಿಯೊಡನೆ ಹೊಂದಿಸಿ ನೋಡಿದ್ದರಿಂದ ಉತ್ತರ ಸಿಕ್ಕಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯ ಮೂಲಕ 1982ರಿಂದಲೇ ಜನಸಮುದಾಯದ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ, ಈಗ ಹೊಸ ಕಾನೂನಿನಡಿ ಸಂತಾನ ಚಿಕಿತ್ಸೆಯ ರಾಷ್ಟ್ರೀಯ ನೋಂದಣಿಯೂ ಇದೆ. ವ್ಯಕ್ತಿಗಳ ಗೋಪ್ಯತೆಯನ್ನು ಕಾಪಾಡಿ ಇವೆರಡನ್ನೂ ಹೊಂದಿಸಿದರೆ ನಮ್ಮ ಹೆಣ್ಣುಮಕ್ಕಳ ಪ್ರಶ್ನೆಗೆ ನಮ್ಮ ನೆಲದ ಉತ್ತರವೇ ದೊರೆಯಬಲ್ಲದು.

ಸಂತಾನ ಚಿಕಿತ್ಸೆಗೆ ಹೊರಟ ಮಹಿಳೆಯರಲ್ಲಿಯೂ ಅವರ ಮನೆಯವರಲ್ಲಿಯೂ ಮಾಡಿಕೊಳ್ಳಬೇಕಾದ ವಿನಂತಿ ಇಷ್ಟು. ಮೊದಲ ಚುಚ್ಚುಮದ್ದಿಗೆ ಮುನ್ನ ಎರಡೂ ಅಂಡಾಶಯಗಳ ಸ್ಕ್ಯಾನಿಂಗ್ ಆಗಿದೆಯೇ ಎಂದು ಕೇಳಬೇಕು; ಅತಿಪ್ರಚೋದನೆಯ ಸಂಭವ ಎಷ್ಟು, ಅದನ್ನು ತಡೆಯಲು ಯಾವ ಕ್ರಮ ಕೈಗೊಳ್ಳಲಾಗಿದೆ, ರಾತ್ರಿ ಎರಡು ಗಂಟೆಗೆ ನೋವು ಬಂದರೆ ಯಾವ ದೂರವಾಣಿಗೆ ಕರೆ ಮಾಡಬೇಕು ಎಂಬುದನ್ನು ಬರೆಸಿಕೊಳ್ಳಬೇಕು; ಪಡೆದ ಔಷಧದ ಹೆಸರು, ಪ್ರಮಾಣ, ತಾರೀಖು ಮತ್ತು ಸ್ಕ್ಯಾನಿಂಗ್ ವರದಿಗಳನ್ನು ಮಗುವಾದ ಮೇಲೂ, ಆಗದಿದ್ದರೂ, ಜೋಪಾನವಾಗಿ ಇಟ್ಟುಕೊಳ್ಳಬೇಕು. ಹೊಟ್ಟೆ ಬಿಗಿಯುತ್ತಿದೆ, ಒಂದು ಬದಿ ವಿಪರೀತ ನೋಯುತ್ತಿದೆ ಎಂದು ಅವಳು ಹೇಳಿದಾಗ, ಮಗು ಬೇಕಾದರೆ ಇಷ್ಟು ಸಹಿಸಿಕೊಳ್ಳಬೇಕು ಎಂಬ ಮಾತು ಯಾವ ಮನೆಯಲ್ಲಿಯೂ ಬರಬಾರದು; ಆ ಗಳಿಗೆಯಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವುದೇ ಮನೆಯವರು ಮಾಡಬೇಕಾದ ಮೊದಲ ಕೆಲಸ.